ರಸ್ತೆಯಿಲ್ಲದ ಊರಿನಲ್ಲಿ ಒಂದು ಬುಶ್

ಇಕಾಲುಯಿಟ್ ಊರಿನಲ್ಲಿ ಒಂದು ರಸ್ತೆಯ ಹೆಸರೇ ‘ಎಲ್ಲಿಗೂ ಹೋಗದ ರಸ್ತೆ’. ಊರಿನಿಂದ ಹೊರಟು, ಬೋಳುಗುಡ್ಡಗಳ ನಡುವೆ ಒಂದಷ್ಟು ದೂರ ಸಾಗಿ, ಇನ್ನು ಸಾಕು ಎಂಬಂತೆ ಅದು ನಿಂತುಬಿಡುತ್ತದೆ. ತಮಾಷೆಗೆ ಇಟ್ಟ ಹೆಸರಿರಬಹುದು. ಆದರೆ ಅದರಲ್ಲಿ ಸುಳ್ಳೇನೂ ಇಲ್ಲ. ಕೆನಡಾದ ಉತ್ತರದಲ್ಲಿರುವ ನೂನವುಟ್ ಪ್ರಾಂತ್ಯದ ವಿಸ್ತೀರ್ಣ ಭಾರತದ ಸುಮಾರು ಮೂರರಲ್ಲಿ ಎರಡು ಪಾಲು. ಅಲ್ಲಿರುವ ಊರುಗಳು ಕೇವಲ 25. ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆ ಎಂಬುದೇ ಇಲ್ಲ!

ಬ್ಯಾಫಿನ್ ದ್ವೀಪದ ಮೇಲೆ, ಫ್ರೋಬಿಷರ್ ಕೊಲ್ಲಿಯ ಒಳತುದಿಯಲ್ಲಿ ಇಕಾಲುಯಿಟ್ ಇದೆ. ಮೊದಲು ಕೊಲ್ಲಿಯ ಹೆಸರೇ ಊರಿಗೂ ಇತ್ತು. 1987ರಲ್ಲಿ ಇನುಯಿಟ್ ಜನ ತಮ್ಮ ಭಾಷೆಯ ಹೆಸರನ್ನು ಊರಿಗೆ ಮರಳಿ ಪಡೆದರು. ಇಕಾಲುಯಿಟ್ ಎಂದರೆ ಮೀನು ಹೇರಳವಾಗಿರುವ ಜಾಗ. 1999ರ ಏಪ್ರಿಲ್ 1ರಂದು ನೂನವುಟ್ ಪ್ರತ್ಯೇಕವಾದಾಗ ಇದೇ ರಾಜಧಾನಿಯಾಯಿತು. 2021ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 7,429. ರಾಜಧಾನಿ ಎನ್ನುವುದಕ್ಕೆ ನಗು ಬರಬಹುದು. ಆದರೆ ಇಡೀ ಪ್ರಾಂತ್ಯದಲ್ಲಿ ಇದಕ್ಕಿಂತ ದೊಡ್ಡ ಊರು ಬೇರೊಂದಿಲ್ಲ.

ಇಲ್ಲಿಗೆ ಬರಬೇಕಾದರೆ ವಿಮಾನವೇ ಗತಿ. ದೊಡ್ಡ ಸಾಮಾನುಗಳು ಬೇಸಿಗೆಯಲ್ಲಿ, ಮಂಜುಗಡ್ಡೆ ಕರಗಿದ ಕೆಲವೇ ತಿಂಗಳುಗಳಲ್ಲಿ, ಹಡಗಿನಲ್ಲಿ ಬರುತ್ತವೆ. ಚಳಿಗಾಲ ಬಿಗಿಯಾದಾಗ ಕೊಲ್ಲಿ ಹೆಪ್ಪುಗಟ್ಟುತ್ತದೆ. ಹೊರಗಿನವರ ಕಣ್ಣಿಗೆ ಆಗ ಊರು ಜಗತ್ತಿನಿಂದ ಕಡಿದುಹೋದಂತೆ ಕಾಣುತ್ತದೆ. ಇನುಯಿಟ್ ಜನರಿಗೆ ಹಾಗಲ್ಲ. ಅವರ ಪಾಲಿಗೆ ಆಗಲೇ ದಾರಿ ತೆರೆಯುವುದು. ಸಮುದ್ರವೇ ಹೆದ್ದಾರಿ. ಅದರ ಮೇಲೆ ಓಡುವ ಗಾಡಿ ಸ್ನೋಮೊಬೈಲ್. ಮುಂದೆ ಎರಡು ಸ್ಕೀ, ಹಿಂದೆ ಟ್ರ್ಯಾಕ್ ಎಂಬ ಅಗಲವಾದ ರಬ್ಬರ್ ಪಟ್ಟಿ, ನಡುವೆ ಎಂಜಿನ್ನು ಮತ್ತು ಸೀಟು. ಸೀಲ್ ಬೇಟೆಗೆ, ಮೀನಿಗೆ, ಕ್ಯಾರಿಬೂ ಜಿಂಕೆ ಹುಡುಕಲು, ಪಕ್ಕದೂರಿನ ನೆಂಟರನ್ನು ನೋಡಲು ಎಲ್ಲಕ್ಕೂ ಇದೇ. ಪಕ್ಕದೂರು ಎಂದರೆ ಕಿಮಿರುಟ್, ಬೆಟ್ಟಗಳನ್ನು ದಾಟಿ ಸುಮಾರು 120 ಕಿಲೋಮೀಟರ್!

ಈ ಗಾಡಿಯ ಹುಟ್ಟಿನ ಹಿಂದೆ ಒಂದು ದುಃಖದ ಕಥೆಯಿದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ ಗ್ಯಾರೇಜು ಇಟ್ಟುಕೊಂಡಿದ್ದ. ಹಿಮದ ಮೇಲೆ ಓಡುವ ಗಾಡಿ ಮಾಡುವ ಹುಚ್ಚು ಅವನಿಗೆ ಹದಿನೈದರ ಹರೆಯದಿಂದಲೇ ಇತ್ತು. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಹೊಟ್ಟೆಯೊಳಗಿನ ಸೋಂಕಿನಿಂದ ನರಳಿದ. ದಾರಿಯೆಲ್ಲ ಹಿಮ ತುಂಬಿ ಆಸ್ಪತ್ರೆ ಮುಟ್ಟಲಾಗಲಿಲ್ಲ. ಮಗು ಉಳಿಯಲಿಲ್ಲ. ಹಿಮದಲ್ಲಿ ಹೂತುಹೋಗದ ಟ್ರ್ಯಾಕ್ ಮತ್ತು ಹಲ್ಲುಚಕ್ರದ ವ್ಯವಸ್ಥೆಗೆ ಅವನು 1937ರಲ್ಲಿ ಪೇಟೆಂಟ್ ಪಡೆದ. ಒಬ್ಬಿಬ್ಬರು ಕೂರುವ ಹಗುರ ಗಾಡಿ ‘ಸ್ಕೀ-ಡೂ’ ಬಂದದ್ದು 1959ರಲ್ಲಿ. ಆ ಹೆಸರು ಇನುಯಿಟ್ ಭಾಷೆಯಲ್ಲಿ ‘ಸಿಕಿಟೂಕ್’ ಆಗಿ ಬೇರೂರಿತು. ಯಾವ ಕಂಪೆನಿಯ ಗಾಡಿಯಾದರೂ ಅದು ಸಿಕಿಟೂಕ್ ಎಂದೇ, ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ಅದಕ್ಕೂ ಮುಂಚೆ ಇಲ್ಲಿ ನಾಯಿಗಳು ಜಾರುಬಂಡಿ ಎಳೆಯುತ್ತಿದ್ದವು. ನಾಯಿಗೆ ಮಾಂಸ ಹಾಕಬೇಕಿತ್ತು, ನಿಜ. ಆದರೆ ಅದರ ಕೀಲು ಸವೆದರೆ ಬಿಡಿಭಾಗ ತರಿಸಬೇಕಾಗಿರಲಿಲ್ಲ. ಕುರುಡು ಹಿಮಗಾಳಿಯಲ್ಲೂ ಅದು ಮನೆಯ ದಾರಿ ಹಿಡಿಯುತ್ತಿತ್ತು. ಯಂತ್ರಕ್ಕೆ ವೇಗವಿದೆ, ಆ ಬುದ್ಧಿ ಇಲ್ಲ. ಅದು ಮೊಂಡುಬಿದ್ದರೆ ಸವಾರನೇ ಬುದ್ಧಿ ಓಡಿಸಬೇಕು.

ಎಲ್ಲಿ ಮೊಂಡುಬೀಳುತ್ತದೆ? ಎಂಜಿನ್ನಿನ ಮಾತು ಬೇರೆ. ಇಕಾಲುಯಿಟ್‌ನಲ್ಲಿ ಗಾಡಿಯ ಕೀಲುಗಳನ್ನು ತಿನ್ನುವುದು ಸಮುದ್ರದ ದಡ. ಫ್ರೋಬಿಷರ್ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ದೊಡ್ಡ ದಿನಗಳಲ್ಲಿ 11 ಮೀಟರ್‌ಗೂ ಹೆಚ್ಚು, ಮೂರಂತಸ್ತಿನ ಮನೆಯಷ್ಟು. ಮಂಜುಗಡ್ಡೆ ಮುಚ್ಚಿದರೂ ಅದರಡಿಯ ನೀರು ದಿನಕ್ಕೆರಡು ಸಲ ಏರಿ ಇಳಿಯುವುದನ್ನು ಬಿಡುವುದಿಲ್ಲ. ಹಾಗಾಗಿ ದಡದಂಚಿನ ಗಡ್ಡೆ ಒಡೆದು, ಮೇಲೆದ್ದು, ಮತ್ತೆ ಹೆಪ್ಪುಗಟ್ಟಿ ಕಲ್ಲುಗಣಿಯಂತಾಗುತ್ತದೆ. ಬಯಲಿನಂಥ ಕೊಲ್ಲಿಗೆ ಇಳಿಯಬೇಕಾದರೆ ಪ್ರತಿಯೊಂದು ಗಾಡಿಯೂ ಈ ಗೊರಕಲನ್ನು ದಾಟಬೇಕು, ಬರುವಾಗ ಮತ್ತೊಮ್ಮೆ. ಬಿರುಕಿನಿಂದ ಉಕ್ಕಿದ ಉಪ್ಪುನೀರು ಕೀಲುಗಳಿಗೆ ಮೆತ್ತಿಕೊಳ್ಳುತ್ತದೆ. ಹಿಮ ತೆಳುವಾಗಿರುವಾಗ ಊರೊಳಗಿನ ಜಲ್ಲಿಯ ಮರಳೂ ಸೇರುತ್ತದೆ.

ಎತ್ತಿನಗಾಡಿ ಕಂಡವರಿಗೆ ಬುಶ್ ಎಂದರೇನೆಂದು ಹೆಚ್ಚು ಹೇಳಬೇಕಿಲ್ಲ. ಚಕ್ರದ ಗುಂಭದೊಳಗೆ ಕಬ್ಬಿಣದ ಬಳೆ ಕೂರಿಸಿ, ಕೀಲೆಣ್ಣೆ ಸವರುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಸ್ನೋಮೊಬೈಲಿನ ಸಸ್ಪೆನ್ಷನ್ನಿನಲ್ಲಿ ಮೇಲೆ ಕೆಳಗೆ ಆಡುವ ತೋಳುಗಳಿವೆ. ಮುಂದೆ ಸ್ಕೀಗಳನ್ನು ಹಿಡಿದ ತೋಳುಗಳು, ಹಿಂದೆ ಟ್ರ್ಯಾಕಿನ ಒಳಗಿರುವ ಚೌಕಟ್ಟಿನ ತೋಳುಗಳು. ಪ್ರತಿ ತೋಳೂ ಒಂದು ಉಕ್ಕಿನ ದಂಡದ ಮೇಲೆ ತಿರುಗುತ್ತದೆ. ತೋಳಿಗೂ ದಂಡಕ್ಕೂ ನಡುವೆ ಹೆಬ್ಬೆರಳ ಗಾತ್ರದ ಒಂದು ಪುಟ್ಟ ಕೊಳವೆ. ಅದೇ ಬುಶ್. ಕೆಲವು ಗಟ್ಟಿ ಪ್ಲಾಸ್ಟಿಕ್ಕಿನವು, ಕೆಲವು ಎಣ್ಣೆ ಹೀರಿದ ಕಂಚಿನವು. ಉಕ್ಕಿಗಿಂತ ಮೆತ್ತಗಿನ ವಸ್ತುವಿನಲ್ಲಿ ಅದನ್ನು ಮಾಡುವುದು ಬೇಕೆಂದೇ. ದುಬಾರಿಯ ತೋಳು, ದಂಡಗಳ ಬದಲು ಅಗ್ಗದ ಬುಶ್ ಸವೆಯಲಿ ಎಂಬ ಲೆಕ್ಕಾಚಾರ. ಸವೆದದ್ದನ್ನು ಹಾಗೇ ಬಿಟ್ಟರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ. ಉಕ್ಕಿಗೆ ಉಕ್ಕು ತಾಗಿ, ದುಂಡಗಿನ ರಂಧ್ರ ಮೊಟ್ಟೆಯಾಕಾರವಾಗುತ್ತದೆ. ಸ್ಕೀ ಹೇಳಿದ ಮಾತು ಕೇಳುವುದಿಲ್ಲ. ಟ್ರ್ಯಾಕ್ ಒಂದು ಪಕ್ಕಕ್ಕೆ ವಾಲಿ ಉಜ್ಜತೊಡಗುತ್ತದೆ. ಊರಿನಿಂದ 80 ಕಿಲೋಮೀಟರ್ ದೂರದಲ್ಲಿ, ಮೈನಸ್ 30 ಡಿಗ್ರಿಯಲ್ಲಿ ತೋಳು ಮುರಿದರೆ? ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಇರುವುದೇ ದಿನಕ್ಕೆ ಐದು ಗಂಟೆಗಿಂತ ಕಡಿಮೆ.

ಅದಕ್ಕೇ ಕೊಲ್ಲಿ ಗಟ್ಟಿಯಾಗುವ ಮುನ್ನ ಮನೆಮನೆಯ ಮುಂದೆ ಗಾಡಿಗಳು ಮಗ್ಗುಲಾಗಿ ಮಲಗಿರುತ್ತವೆ. ಮರದ ಹಲಗೆಯ ಶೆಡ್ಡೊಂದರಲ್ಲಿ ಇಣುಕಿದರೆ, ಸೋದರಮಾವ ಮತ್ತು ಅಳಿಯ ಕೆಲಸಕ್ಕಿಳಿದಿರುತ್ತಾರೆ. ಅಳಿಯ ಶಾಲೆಗೆ ಹೋಗುವ ಹುಡುಗ. ಮಾವನನ್ನು ಅವನು ಹೆಸರಿಡಿದು ಕರೆಯುವುದಿಲ್ಲ. ‘ಅಂಗಕ್’ ಎನ್ನುತ್ತಾನೆ, ಅಂದರೆ ತಾಯಿಯ ಅಣ್ಣ ಅಥವಾ ತಮ್ಮ. ಹಿರಿಯರನ್ನು ಸಂಬಂಧದಿಂದಲೇ ಕರೆಯುವುದು ಇನುಯಿಟ್ ಜನರಲ್ಲೂ ವಾಡಿಕೆ.

ಮೊದಲು ಪರೀಕ್ಷೆ. ಗಾಡಿಯ ಮೂತಿಯನ್ನು ಎತ್ತಿ ಕಟ್ಟಿ, ಸ್ಕೀಯ ತುದಿ ಹಿಡಿದು ಅಲುಗಿಸಬೇಕು. ಹೊಸತಾಗಿದ್ದರೆ ಸದ್ದಿಲ್ಲ. ಸವೆದಿದ್ದರೆ ಟಕ್ ಎನ್ನುತ್ತದೆ. ಒಬ್ಬರು ಅಲುಗಿಸಿದರೆ ಇನ್ನೊಬ್ಬರು ಕೀಲಿನ ಮೇಲೆ ಬೆರಳಿಟ್ಟು ಯಾವುದು ಆಡುತ್ತಿದೆ ಎಂದು ಹಿಡಿಯಬೇಕು. ವೈದ್ಯರು ನಾಡಿ ನೋಡಿದ ಹಾಗೆ.

ಹಿಂದಿನ ಚೌಕಟ್ಟಿನ ಕೆಲಸವೇ ದೊಡ್ಡದು. ಟ್ರ್ಯಾಕಿನ ಬಿಗಿ ಸಡಿಲಿಸಿ, ಚೌಕಟ್ಟನ್ನು ಗಾಡಿಗೆ ಹಿಡಿದಿರುವ ನಾಲ್ಕು ಬೋಲ್ಟ್ ಬಿಚ್ಚಬೇಕು. ಇಲ್ಲೊಂದು ಮೋಸವಿದೆ. ಒಂದು ಪಕ್ಕದ ಬೋಲ್ಟನ್ನು ಪೂರ್ತಿ ತೆಗೆದು ಇನ್ನೊಂದು ಪಕ್ಕಕ್ಕೆ ಬಂದರೆ, ಒಳಗಿನ ದಂಡವೇ ಬೋಲ್ಟಿನ ಜೊತೆ ಗಿರಗಿರ ತಿರುಗುತ್ತದೆ. ಎಷ್ಟು ತಿರುಪಿದರೂ ಅಷ್ಟೇ! ಎರಡೂ ಪಕ್ಕವನ್ನು ಮೊದಲು ತುಸು ತುಸು ಸಡಿಲಿಸಿ ಆಮೇಲೆ ತೆಗೆಯಬೇಕು. ಇದು ತಿಳಿಯದೆ ಅರ್ಧ ದಿನ ಬೆವರು ಸುರಿಸಿದವರುಂಟು. ಬಿಗಿದ ಸ್ಪ್ರಿಂಗುಗಳನ್ನು ಕಳಚುವ ಕೆಲಸ ಮಾವನದೇ, ಹುಡುಗ ದೂರ ನಿಲ್ಲುತ್ತಾನೆ. ಅವು ಸಿಡಿದರೆ ಬೆರಳಿಗೂ ಕಣ್ಣಿಗೂ ಗ್ಯಾರಂಟಿಯಿಲ್ಲ.

ಹಳೆಯ ಬುಶ್ ಸುಮ್ಮನೆ ಬರುವುದಿಲ್ಲ. ಉಪ್ಪುನೀರಿನ ತುಕ್ಕು ಹಿಡಿದಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಕಾಯಬೇಕು. ಮರುದಿನ ಬುಶ್ಶಿನಷ್ಟೇ ಅಗಲದ ಸಾಕೆಟ್ ಒಂದನ್ನು ಇಟ್ಟು ಸುತ್ತಿಗೆಯಿಂದ ಬಡಿದರೆ ಹೊರಬೀಳುತ್ತದೆ. ರಂಧ್ರವನ್ನು ಎಮರಿ ಕಾಗದದಿಂದ ಉಜ್ಜಿ ಒರೆಸಬೇಕು. ಹೊಸ ಬುಶ್ ಎಲ್ಲಿ? ಅದು ರಾತ್ರಿಯಿಡೀ ಶೆಡ್ಡಿನ ಹೊರಗೆ, ಚಳಿಯಲ್ಲಿದೆ. ವಸ್ತುಗಳು ಶೀತದಲ್ಲಿ ಕುಗ್ಗುತ್ತವೆ ಎಂಬ ಶಾಲೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಕುಗ್ಗಿದ ಬುಶ್ಶನ್ನು ಒಲೆಯ ಬಿಸಿ ತಾಗಿದ ತೋಳಿನೊಳಗೆ ಸುಲಭವಾಗಿ ಕೂರಿಸಬಹುದು. ಆಮೇಲೆ ಅದು ತಾನೇ ಹಿಗ್ಗಿ ಬಿಗಿಯಾಗುತ್ತದೆ. ಆದರೆ ಸುತ್ತಿಗೆ ಕೂಡದು. ಚಳಿಗೆ ಸೆಡೆತ ಪ್ಲಾಸ್ಟಿಕ್ ಒಡೆದೀತು. ಉದ್ದದ ಬೋಲ್ಟಿಗೆ ಎರಡು ವಾಷರ್ ಹಾಕಿ, ನಟ್ಟು ತಿರುಪುತ್ತಾ ಮೆಲ್ಲಗೆ ಒಳಗೆಳೆಯಬೇಕು.

ಕೊನೆಗೆ ಗ್ರೀಸು. ನಿಪ್ಪಲಿಗೆ ಗ್ರೀಸ್ ಗನ್ ಹಚ್ಚಿ ಒತ್ತಿದರೆ ಒಳಗಿನ ನೀರು, ಮರಳನ್ನೆಲ್ಲ ಹೊಸ ಗ್ರೀಸು ಹೊರದೂಡುತ್ತದೆ. ತೀರಾ ಚಳಿಯಲ್ಲೂ ಗಟ್ಟಿಯಾಗದ ಜಾತಿಯದೇ ಬೇಕು. ನಿಜ ಹೇಳಬೇಕೆಂದರೆ, ಇದೊಂದನ್ನು ಆಗಾಗ ಮಾಡುತ್ತಿದ್ದರೆ ಮೇಲಿನ ಅರ್ಧ ಕೆಲಸ ತಪ್ಪುತ್ತದೆ. ಆದರೆ ಚಳಿಯಲ್ಲಿ ಬೆರಳು ಹೊರತೆಗೆಯಲು ಯಾರಿಗೆ ಮನಸ್ಸು?

ಶೆಡ್ಡಿನ ಪಕ್ಕದಲ್ಲೇ ಜಾರುಬಂಡಿಯೂ ನಿಂತಿದೆ. ಅದರ ಹೆಸರು ಕಾಮುಟಿಕ್. ನಾಯಿಗಳ ಕಾಲದಲ್ಲಿದ್ದ ವಿನ್ಯಾಸವೇ ಈಗಲೂ ಉಳಿದಿದೆ, ಎಳೆಯುವುದು ಮಾತ್ರ ಗಾಡಿ. ಅಡ್ಡಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸುವುದಿಲ್ಲ, ಹಗ್ಗದಿಂದ ಬಿಗಿಯುತ್ತಾರೆ. ಹಿಂದೆ ಸೀಲ್ ಚರ್ಮದ ಹುರಿ, ಈಗ ನೈಲಾನ್. ಮೊಳೆಯಾದರೆ ಗೊರಕಲಿನಲ್ಲಿ ಮರ ಸೀಳೀತು, ಹಗ್ಗವಾದರೆ ಬಂಡಿ ಬಳುಕುತ್ತದೆ. ಸಸ್ಪೆನ್ಷನ್ ಎಂಬ ಪದ ಕೇಳುವ ಎಷ್ಟೋ ಕಾಲದ ಮೊದಲೇ ಈ ಜನಕ್ಕೆ ಅದರ ಗುಟ್ಟು ಗೊತ್ತಿತ್ತು.

ಹುಡುಗ ಹೆಚ್ಚು ಪ್ರಶ್ನೆ ಕೇಳುವುದಿಲ್ಲ, ಮಾವ ಹೆಚ್ಚು ವಿವರಿಸುವುದೂ ಇಲ್ಲ. ನೋಡಿ, ಕೈಯಾಡಿಸಿ, ತಪ್ಪಿ, ಮತ್ತೆ ಮಾಡಿ ಕಲಿಯುವುದಕ್ಕೆ ಇನುಯಿಟ್ ಭಾಷೆಯಲ್ಲಿ ‘ಪಿಲಿಮ್ಮಕ್ಸರ್ನಿಕ್’ ಎಂಬ ಪದವಿದೆ. ಇರುವುದರಲ್ಲೇ ಉಪಾಯ ಹುಡುಕುವುದಕ್ಕೆ ‘ಕಾನುಕ್ತೂರ್ನಿಕ್’. ಇವೆರಡೂ ಹಿರಿಯರ ಬಾಯಿಮಾತಾಗಿಯೇ ಉಳಿದಿಲ್ಲ, ನೂನವುಟ್ 2008ರಲ್ಲಿ ಮಾಡಿದ ಶಿಕ್ಷಣ ಕಾಯಿದೆಯಲ್ಲೂ ಸೇರಿವೆ. ಬಿಡಿಭಾಗ ಹೊತ್ತ ವಿಮಾನ ಹಿಮಗಾಳಿಯಿಂದ ನಿಂತುಹೋದಾಗ ಸವೆದ ಬುಶ್ಶಿಗೆ ತಗಡಿನ ಪಟ್ಟಿ ಸುತ್ತಿ ನಾಲ್ಕು ದಿನ ದೂಡುವುದು ಈ ಎರಡನೆಯ ಜಾತಿಯ ವಿದ್ಯೆ. ಅದು ಊರೊಳಗೆ ಓಡಾಡುವುದಕ್ಕೆ ಸರಿ. ದೂರದ ಪಯಣಕ್ಕೆ ಮಾವ ಒಪ್ಪುವುದಿಲ್ಲ.

ಕೊಲ್ಲಿ ಗಟ್ಟಿಯಾದ ಮೇಲೆ ಇಬ್ಬರೂ ಹೊರಡುತ್ತಾರೆ. ಕಾಮುಟಿಕ್‌ನಲ್ಲಿ ಡೇರೆ, ಸ್ಟವ್, ಪೆಟ್ರೋಲ್ ಕ್ಯಾನು, ಉಪಕರಣದ ಪೆಟ್ಟಿಗೆ. ದಡದ ಗೊರಕಲಿನಲ್ಲಿ ಗಾಡಿ ಏಳುತ್ತಾ ಬೀಳುತ್ತಾ ಸಾಗುವಾಗ ಹುಡುಗನ ಕಿವಿ ಎಂಜಿನ್ನಿನ ಸದ್ದಿನಡಿ ಬೇರೊಂದು ಸದ್ದನ್ನು ಹುಡುಕುತ್ತಿರುತ್ತದೆ. ಟಕ್ ಎನ್ನುವುದಿಲ್ಲ. ಬಯಲಿಗೆ ಬಂದು ಒಂದಷ್ಟು ದೂರ ಓಡಿದ ಮೇಲೆ ಮಾವ ಗಾಡಿ ನಿಲ್ಲಿಸಿ ಫ್ಲಾಸ್ಕಿನಿಂದ ಚಹಾ ಸುರಿಯುತ್ತಾನೆ. ಹೊಸದಾಗಿ ಬಿಗಿದ ಬೋಲ್ಟುಗಳನ್ನು ಮೊದಲ ಓಟದ ನಂತರ ಇನ್ನೊಮ್ಮೆ ನೋಡಬೇಕು. ಹಾಗೆಂದು ಅವನು ಹೇಳುವುದಿಲ್ಲ. ಹುಡುಗ ಆಗಲೇ ಸ್ಪ್ಯಾನರ್ ಹಿಡಿದು ಹಿಮದ ಮೇಲೆ ಮೊಣಕಾಲೂರಿದ್ದಾನೆ.