ಕಾರು ಹೊರಗೆ, ಸಾಮಾನು ಒಳಗೆ

ಮೈಸೂರಿನ ಯಾವುದೇ ಬಡಾವಣೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೊರಡಿ. ಮನೆಗೊಂದು ಕಾರ್ ಶೆಡ್ಡು ಇರುತ್ತದೆ. ಕಾರು ಮಾತ್ರ ಬೀದಿಯಲ್ಲಿ, ಬೂದು ಬಣ್ಣದ ಕವರು ಹೊದ್ದು ಹೊಂಗೆ ಮರದಡಿ ನಿಂತಿರುತ್ತದೆ. ಸಾಲ ಮಾಡಿ ತಂದ ಕಾರಿಗೆ ಬಿಸಿಲು, ಮಳೆ, ಕಾಗೆ. ಶೆಡ್ಡಿನ ಒಳಗೆ ಬೆಚ್ಚಗಿರುವುದು ಒಣಗಿ ಕಲ್ಲಾದ ಪೇಂಟ್ ಡಬ್ಬ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಟೀವಿ ಬಂದಿದ್ದ ರಟ್ಟಿನ ಪೆಟ್ಟಿಗೆ, ಅದರೊಳಗೆ ಟೀವಿಯ ಆಕಾರಕ್ಕೆ ಕೊರೆದ ಥರ್ಮೋಕೋಲು. ಮನೆ ಬದಲಾಯಿಸುವಾಗ ಬೇಕಾಗುತ್ತದಂತೆ! ಸ್ವಂತ ಮನೆ ಕಟ್ಟಿಕೊಂಡು ಕೂತವರು ಇನ್ನೆಲ್ಲಿಗೆ ಬದಲಾಯಿಸುತ್ತಾರೋ, ಕೇಳಬಾರದು.

ಇದು ಮೈಸೂರಿನ ಚಾಳಿ ಮಾತ್ರ ಅಲ್ಲ ಅನ್ನುವುದಕ್ಕೆ ಪುರಾವೆ ಇದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ ಅಲ್ಲಿನ 32 ಸಂಸಾರಗಳ ಮನೆ ಹೊಕ್ಕು, ಗೋಡೆಯಿಂದ ಗೋಡೆಗೆ ಇದ್ದ ಸಾಮಾನನ್ನೆಲ್ಲ ಫೋಟೊ ತೆಗೆದು ಎಣಿಸಿದರು. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮಧ್ಯಮ ವರ್ಗದ ಮನೆಗಳು. 2012ರಲ್ಲಿ ಆ ಕೆಲಸ ಪುಸ್ತಕವಾಗಿ ಬಂತು. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರಿಗೆ ಜಾಗವೇ ಇರಲಿಲ್ಲವಂತೆ. ಅದೇ ಸಂಸಾರಗಳ ಹೆಂಗಸರು ಗಂಡಸರ ಎಂಜಲು ಪರೀಕ್ಷಿಸಿ ಒತ್ತಡದ ಹಾರ್ಮೋನು ಅಳೆದ ಇನ್ನೊಂದು ಅಧ್ಯಯನ 2010ರಲ್ಲಿ ಬಂದಿತ್ತು. ಮನೆಯೆಲ್ಲ ಹರಡಿಕೊಂಡಿದೆ, ಕೆಲಸ ಮುಗಿಯುತ್ತಿಲ್ಲ ಎಂದು ಹೇಳಿಕೊಂಡ ಹೆಂಡತಿಯರಲ್ಲಿ ಆ ಹಾರ್ಮೋನು ಸಂಜೆಯ ಹೊತ್ತಿಗೆ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಅಂಥದ್ದೇನೂ ಅಷ್ಟಾಗಿ ಕಾಣಲಿಲ್ಲ. ನಾನಿದನ್ನು ನಮ್ಮವರಿಗೆ ಓದಿ ಹೇಳಿದೆ. "ನೋಡು, ನಮ್ಮ ಆರೋಗ್ಯ ಚೆನ್ನಾಗಿದೆ ಅಂತಾಯ್ತು" ಅಂದು ಪೇಪರಿನ ಪುಟ ತಿರುವಿದರು.

ನಮ್ಮ ಮನೆಯಲ್ಲಿ ಗಡಿ ಸ್ಪಷ್ಟವಾಗಿದೆ. ಶೆಡ್ಡು ಅವರದು, ಅಟ್ಟ ನನ್ನದು. ಯಾರೂ ಪಂಚಾಯ್ತಿ ಕೂರಿಸಿ ಹಂಚಿದ್ದಲ್ಲ. ಕಬ್ಬಿಣ, ರಬ್ಬರು, ಗ್ರೀಸು ಕೆಳಗೆ ಉಳಿದವು. ತಾಮ್ರ, ಹಿತ್ತಾಳೆ, ಮರ ಮೇಲಕ್ಕೆ ಹೋದವು. ಅವರು ಅಟ್ಟದ ಕಡೆ ಕತ್ತೆತ್ತಿ ನೋಡಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ನಾನು ಪೊರಕೆ ಹಿಡಿದು ಶೆಡ್ಡಿನ ಕಡೆ ನಡೆದರೆ ಅವರಿಗೆ ಎಲ್ಲಿಲ್ಲದ ಸಹಾಯಬುದ್ಧಿ ಹುಟ್ಟಿ, "ಇರು, ನಾನೇ ಗುಡಿಸ್ತೀನಿ" ಎಂದು ಓಡಿ ಬರುತ್ತಾರೆ. ಅಡುಗೆಮನೆ ಗುಡಿಸುವಾಗ ಈ ಬುದ್ಧಿ ಎಲ್ಲಿರುತ್ತದೋ.

ಶೆಡ್ಡಿನ ಮಧ್ಯದಲ್ಲಿ, ಕಾರು ನಿಲ್ಲಬೇಕಾದ ಜಾಗದಲ್ಲಿ, ಒಂದು ಯೆಜ್ಡಿ ಬೈಕು ನಿಂತಿದೆ. ಮೈಸೂರಿನವರ ಮುಂದೆ ಯೆಜ್ಡಿಯನ್ನು ಗುಜರಿ ಅನ್ನುವಂತಿಲ್ಲ. ಅದು ಊರಿನ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ತೊಡಗಿ, 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಯ ಒಂದು ಚಮತ್ಕಾರವನ್ನು ನಮ್ಮವರು ಮನೆಗೆ ಬಂದ ಪ್ರತಿಯೊಬ್ಬರಿಗೂ ತೋರಿಸುತ್ತಾರೆ: ಕಿಕ್ ಹೊಡೆಯುವ ಕೋಲೂ ಗೇರ್ ಹಾಕುವ ಕೋಲೂ ಒಂದೇ. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರು. ತೋರಿಸುವುದಷ್ಟೇ, ಸ್ಟಾರ್ಟ್ ಆಗುವುದಿಲ್ಲ. ಕಾರ್ಬೊರೇಟರಿಗೆ ಏನೋ ಒಂದು ಸಣ್ಣ ಭಾಗ ಬೇಕಂತೆ. ಅದು ಸಿಗುವವರೆಗೆ ಇರಲಿ ಎಂದು ಇನ್ನೊಂದು ಯೆಜ್ಡಿಯ ಟ್ಯಾಂಕು, ಎರಡು ಸೈಲೆನ್ಸರು, ಒಂದು ಸೀಟು ಬಂದು ಸೇರಿವೆ. ಈಗ ಹಳೆ ಜಾವಾ, ಯೆಜ್ಡಿಗಳಿಗೆ ಹುಡುಗರು ಮುಗಿಬೀಳುತ್ತಾರೆ, ಜುಲೈ ತಿಂಗಳಲ್ಲಿ ಜಾವಾ ದಿನ ಅಂತ ಆಚರಿಸಿ ಸಾಲಾಗಿ ಹೊರಡುತ್ತಾರೆ. ಹೀಗಾಗಿ ನನ್ನ ವಾದಕ್ಕೆ ಇದ್ದ ಬಲವೂ ಹೋಯಿತು. ಮೊದಲು "ಯಾರಿಗೆ ಬೇಕು ಇದು?" ಅನ್ನುತ್ತಿದ್ದೆ. ಈಗ ಯಾರು ಯಾರಿಗೋ ಬೇಕು, ಇವರು ಕೊಡುವುದಿಲ್ಲ.

ಬೈಕಿನ ಸುತ್ತ ಪರಿವಾರ. ಹಾರ್ಲಿಕ್ಸ್ ಬಾಟಲಿಗಳಲ್ಲಿ ನಟ್ಟು, ಬೋಲ್ಟು, ಮೊಳೆ, ವಾಷರು. ಮನೆ ಕಟ್ಟಿದಾಗ ಉಳಿದ ಮೊಸಾಯಿಕ್ ಟೈಲುಗಳು. ನೆಲದಲ್ಲಿ ಒಂದು ಒಡೆದರೆ ಹಾಕಿಸಬಹುದು ಅಂತ. ನೆಲ ಒಡೆದಿಲ್ಲ, ಟೈಲುಗಳೇ ಒಂದೊಂದಾಗಿ ಒಡೆಯುತ್ತಿವೆ. ಸುಟ್ಟುಹೋದ ನೀರೆತ್ತುವ ಮೋಟಾರು, ಅರ್ಧ ಮೂಟೆ ಗಟ್ಟಿಯಾದ ಸಿಮೆಂಟು. "ಒಂದಲ್ಲ ಒಂದು ದಿನ ಬೇಕಾಗತ್ತೆ" ಅನ್ನುವುದು ಇವರ ಮಂತ್ರ. ಅನ್ಯಾಯ ಏನೆಂದರೆ, ಆ ಒಂದು ದಿನ ಒಮ್ಮೆ ಬಂದೇಬಿಟ್ಟಿತು. ಭಾನುವಾರ, ಅಂಗಡಿಗಳೆಲ್ಲ ಬಂದ್, ಎದುರು ಮನೆಯ ನಲ್ಲಿ ಕಿತ್ತುಕೊಂಡು ನೀರೋ ನೀರು. ಇವರು ಹಾರ್ಲಿಕ್ಸ್ ಬಾಟಲಿ ಬಗ್ಗಿಸಿ ಸರಿಯಾದ ವಾಷರು ತೆಗೆದು ಕೊಟ್ಟರು. ಆಯಿತಲ್ಲ! ಅಂದಿನಿಂದ ಶೆಡ್ಡಿನ ಮಾತೆತ್ತಿದರೆ ಆ ವಾಷರು ಸಾಕ್ಷಿ ಹೇಳಲು ಬರುತ್ತದೆ. ಹತ್ತು ಪೈಸೆಯ ರಬ್ಬರಿನ ತುಂಡು ಇಡೀ ಶೆಡ್ಡಿಗೆ ಜಾಮೀನು ನಿಂತಿದೆ.

ಇನ್ನು ಅಟ್ಟ. ಅಲ್ಲಿರುವುದೆಲ್ಲ ಬೇಕಾದದ್ದೇ. ಮೊದಲನೆಯದಾಗಿ ದಸರಾ ಬೊಂಬೆಗಳು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳಿಂದ ಹಿಡಿದು, ತಲೆ ಅಲ್ಲಾಡಿಸುವ ಶೆಟ್ಟರು, ಅವರ ಪಕ್ಕ ಅಕ್ಕಿ ಬೇಳೆ ಇಟ್ಟುಕೊಂಡು ಕೂರುವ ಶೆಟ್ಟಮ್ಮ, ಮಣ್ಣಿನ ದಶಾವತಾರ, ಒಂದು ಕಿವಿ ಹೋದ ಅಂಬಾರಿ ಆನೆ. ಹಂತ ಜೋಡಿಸುವ ಹಲಗೆಗಳು ಬೇರೆ. ವರ್ಷದಲ್ಲಿ ಹತ್ತು ದಿನದ ಬಳಕೆ, ಉಳಿದ ದಿನವೆಲ್ಲ ಟ್ರಂಕಿನಲ್ಲಿ ನಿದ್ದೆ ಎಂದು ನಮ್ಮವರ ತಕರಾರು. ಹತ್ತು ದಿನವಾದರೂ ಎದ್ದು ಕೂರುತ್ತವಲ್ಲ, ನಿಮ್ಮ ಯೆಜ್ಡಿ ಎಷ್ಟು ದಿನ ಎದ್ದಿದೆ ಅಂತ ನಾನು. ಈ ಬೊಂಬೆಗಳನ್ನು ಬಿಚ್ಚುವ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತದೆ. ಅದಕ್ಕೆ ಕಾರಣ ಬೊಂಬೆಯಲ್ಲ, ಸುತ್ತಿದ ಪೇಪರು. ಅದ್ಯಾವುದೋ ವರ್ಷದ ಪತ್ರಿಕೆ. ಚಿನ್ನದ ಬೆಲೆ, ಸಿನಿಮಾ ಜಾಹೀರಾತು, ವಧೂವರರ ಕಾಲಂ. ಆ ಹೆಣ್ಣಿಗೆ ಮದುವೆಯಾಗಿ ಈಗ ಮೊಮ್ಮಕ್ಕಳೂ ಆಗಿರಬಹುದು ಅಂದುಕೊಳ್ಳುತ್ತ ನಾನು ನೆಲದಲ್ಲೇ ಕೂತು ಓದುತ್ತೇನೆ. ಮತ್ತೆ ಸುತ್ತಿಡುವಾಗ ಹೊಸ ಪೇಪರು ಬಳಸಲು ಮನಸ್ಸು ಬರುವುದಿಲ್ಲ, ಅದೇ ಪೇಪರಿನಲ್ಲೇ ಸುತ್ತುತ್ತೇನೆ. ಮುಂದಿನ ವರ್ಷಕ್ಕೆ ಓದಲು ಏನಾದರೂ ಇರಬೇಡವೇ?

ಹಾಗೆಯೇ ಓದುವ ವಿಷಯ. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ವಾರವಾರ ಹರಿದಿಟ್ಟು, ಮುಗಿದ ಮೇಲೆ ಬೈಂಡ್ ಮಾಡಿಸುವುದು ನಮ್ಮ ಕಾಲದ ಹೆಂಗಸರ ಅಭ್ಯಾಸ. ಅತ್ತೆಯ ಕಾಲದ ಬೈಂಡುಗಳೂ ನನ್ನ ಬೈಂಡುಗಳೂ ಅಟ್ಟದಲ್ಲಿ ಒಟ್ಟಿಗೆ ಇವೆ. ನಡುವೆ ಒಂದೊಂದು ಕಂತು ತಪ್ಪಿಹೋಗಿದೆ. ನಾಯಕಿ ಬಾವಿಯ ಹತ್ತಿರ ಹೋಗುತ್ತಾಳೆ, ಮುಂದಿನ ಪುಟದಲ್ಲಿ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಅತ್ತೆಗೆ ಮಾತ್ರ ನಡುವಿನದೂ ಗೊತ್ತಿತ್ತು.

ಅದರ ಹಿಂದೆ ಕೊಪ್ಪರಿಗೆ, ಶಾವಿಗೆ ಒರಳು, ನೀರಿನ ಹಂಡೆ. ಇವತ್ತು ನಾಮಕರಣಕ್ಕೂ ಅಡುಗೆ ಕಂಟ್ರಾಕ್ಟರು ಬರುತ್ತಾರೆ, ಪಾತ್ರೆಯನ್ನೂ ಅವರೇ ತರುತ್ತಾರೆ ನಿಜ. ಆದರೆ ಕೊಪ್ಪರಿಗೆ ಮಾರಿದವಳು ಎಂಬ ಹೆಸರು ಯಾರಿಗೆ ಬೇಕು. ಸ್ಟೀಲ್ ಪಾತ್ರೆಗಳದು ಬೇರೆಯೇ ಸಂಕಟ. ಮದುವೆ, ಗೃಹಪ್ರವೇಶಕ್ಕೆ ಕೊಟ್ಟವರು ತಮ್ಮ ಹೆಸರನ್ನೂ ತಾರೀಖನ್ನೂ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿ ಕೊಟ್ಟಿದ್ದಾರೆ. ಹೆಸರಿರುವ ಪಾತ್ರೆಯನ್ನು ಕೊಡುವುದು ಹೇಗೆ? ಕೊಟ್ಟ ಅತ್ತಿಗೆ ಈಗಲೂ ಬಂದು ಹೋಗುತ್ತಾರೆ, ಬಂದಾಗ ಒಮ್ಮೆ ಅಡುಗೆಮನೆಯ ಕಪಾಟಿನ ಕಡೆ ಕಣ್ಣು ಹಾಯಿಸದೆ ಇರುವುದಿಲ್ಲ. ಬ್ಲೌಸ್ ಪೀಸಿನವರು ಎಷ್ಟೋ ವಾಸಿ. ಹೆಸರು ಹಾಕುವುದಿಲ್ಲ, ಅದು ಅರಿಶಿನ ಕುಂಕುಮದ ದಾರಿಯಲ್ಲಿ ಮನೆಯಿಂದ ಮನೆಗೆ ನಡೆದು ಹೋಗುತ್ತದೆ.

ಇದಕ್ಕೆಲ್ಲ ಅರ್ಥಶಾಸ್ತ್ರದಲ್ಲೂ ವಿವರಣೆ ಇದೆ. 1990ರಲ್ಲಿ ಕಾಹ್ನೆಮನ್, ನೆಚ್, ಥೇಲರ್ ಎಂಬ ಮೂವರು ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಮಗ್ಗು ಕೊಟ್ಟು, ಮಾರುವುದಾದರೆ ಎಷ್ಟಕ್ಕೆ ಅಂತ ಕೇಳಿದರು. ಮಗ್ಗಿಲ್ಲದವರನ್ನು ಕೊಳ್ಳುವುದಾದರೆ ಎಷ್ಟಕ್ಕೆ ಅಂತ ಕೇಳಿದರು. ಮಗ್ಗು ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೆ. ಅಷ್ಟಕ್ಕೇ ಇದ್ದವರು ಹೇಳಿದ ಬೆಲೆ ಇಲ್ಲದವರ ಬೆಲೆಯ ಎರಡರಷ್ಟು ಇತ್ತು. ಆ ಪ್ರಾಧ್ಯಾಪಕರಲ್ಲಿ ಇಬ್ಬರಿಗೆ ಮುಂದೆ ಬೇರೆ ಬೇರೆ ವರ್ಷ ನೊಬೆಲ್ ಬಂತು. ಅವರು ಮಗ್ಗು ಬಿಟ್ಟು ಒಂದು ಯೆಜ್ಡಿಯನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟು, ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಬೆಲೆ ಕೇಳಬೇಕಿತ್ತು.

ನನ್ನ ಕೈಲಿದ್ದ ದೊಡ್ಡ ಅಸ್ತ್ರ ನ್ಯೂಯಾರ್ಕಿನ ಕಾಲಿಯರ್ ಸಹೋದರರ ಕಥೆ. ಹಾರ್ಲೆಮ್ಮಿನ ಅವರ ಮನೆಯಲ್ಲಿ ಪತ್ರಿಕೆಯ ಕಟ್ಟುಗಳು ಸೂರಿನವರೆಗೆ, ಹದಿನಾಲ್ಕು ಪಿಯಾನೊ, ಒಂದು ಮೋಟಾರು ಗಾಡಿಯ ಭಾಗಗಳು. ಒಬ್ಬರಿಗೆ ಕಣ್ಣಿಲ್ಲ, ನಡೆಯಲಾರರು. ಇನ್ನೊಬ್ಬರು ಊಟ ತರುವಾಗ ರಾಶಿ ಮೈಮೇಲೆ ಬಿತ್ತು. 1947ರಲ್ಲಿ ಪೊಲೀಸರು ಒಳಗೆ ಹೋದಾಗ ಇಬ್ಬರೂ ಸತ್ತಿದ್ದರು. ಆ ಮನೆಯಿಂದ ನೂರು ಟನ್ನಿಗೂ ಹೆಚ್ಚು ಸಾಮಾನು ಹೊರಗೆ ಬಂತು. ನಮ್ಮವರು ಗಂಭೀರವಾಗಿ ಕೇಳಿ, "ಇಬ್ಬರಿಗೂ ಮದುವೆ ಆಗಿತ್ತಾ?" ಎಂದರು. ಇಲ್ಲ ಅಂದೆ. "ನೋಡಿದ್ಯಾ, ಹೇಳೋರು ಕೇಳೋರು ಇರ್ಲಿಲ್ಲ" ಎಂದು ಸಮಾಧಾನ ಮಾಡಿದರು. ಜಪಾನಿನ ಮಾರಿ ಕೊಂಡೊ ಅವರ ಪುಸ್ತಕವನ್ನೂ ಮಗಳು ಕಳಿಸಿದ್ದಳು. ಅದರಲ್ಲಿ ಮನೆಯ ಇತರರ ಸಾಮಾನನ್ನು ಅವರಿಗೆ ತಿಳಿಯದೆ ಬಿಸಾಡಬಾರದು ಎಂದು ಬರೆದಿದ್ದಾರೆ. ಆ ಪುಟದ ಮೂಲೆಯೊಂದೇ ಮಡಚಿದೆ. ಮೂರು ಮಕ್ಕಳಾದ ಮೇಲೆ ಅಚ್ಚುಕಟ್ಟಿನ ಹಟವನ್ನು ಸ್ವಲ್ಪ ಬಿಟ್ಟಿದ್ದೇನೆ ಎಂದು 2023ರಲ್ಲಿ ಆಕೆಯೇ ಒಪ್ಪಿಕೊಂಡರು. ಮೂವರನ್ನು ಸಾಕಿದ ಮೈಸೂರಿನ ಯಾವ ಅಜ್ಜಿಯಾದರೂ ಇದನ್ನು ಮೊದಲೇ ಹೇಳುತ್ತಿದ್ದಳು.

ಜಗಳವನ್ನೆಲ್ಲ ಪಕ್ಕಕ್ಕಿಟ್ಟು ಒಮ್ಮೆ ಲೆಕ್ಕ ಹಾಕಿದರೆ ಹೊರಬೀಳುವ ಸತ್ಯ ಬೇರೆ. ಜಾಗ ತಿನ್ನುತ್ತಿರುವುದು ಅವರದೂ ಅಲ್ಲ, ನನ್ನದೂ ಅಲ್ಲ. ಮಗನ ಇಂಜಿನಿಯರಿಂಗ್ ಕಾಲದ ಡ್ರಾಫ್ಟರು, ಡ್ರಾಯಿಂಗ್ ಬೋರ್ಡು, ಗಿಟಾರು, ಕ್ರಿಕೆಟ್ ಪ್ಯಾಡು. ಮಗಳ ಸಿಇಟಿ ಗೈಡುಗಳು, ಭರತನಾಟ್ಯದ ಗೆಜ್ಜೆ, ಕೀ ಕಳೆದುಹೋದ ಸೂಟ್‌ಕೇಸುಗಳು. ಇಪ್ಪತ್ಮೂರು ಕೆಜಿ ಲೆಕ್ಕದಲ್ಲಿ ಎಲ್ಲವನ್ನೂ ತೂಗಿ ತೂಗಿ ಅಮೆರಿಕಕ್ಕೆ ಒಯ್ದವರು, ತೂಕ ಮೀರಿದ್ದನ್ನೆಲ್ಲ ಇಲ್ಲಿ ಬಿಟ್ಟು ಹೋಗಿದ್ದಾರೆ. ಅವರ ಗ್ಯಾರೇಜಿನಲ್ಲಿ ಸೋನಾ ಮಸೂರಿ ಮೂಟೆ, ಎರಡನೇ ಫ್ರಿಜ್ಜು. ಹಾಗಾಗಿ ಇವಕ್ಕೆ ಅಲ್ಲಿ ಜಾಗವಿಲ್ಲ. ಡ್ರಾಫ್ಟರಿನ ಫೋಟೊ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ, ಕೊಟ್ಟುಬಿಡಲಾ ಅಂತ ಕೇಳಿದೆ. "ಇಟ್ಟಿರಮ್ಮ, ಬಂದಾಗ ನೋಡ್ತೀನಿ" ಅಂತ ತಕ್ಷಣ ಉತ್ತರ ಬಂತು. ಬಂದಾಗ ದೋಸೆ ನೋಡುತ್ತಾನೆ, ಸ್ನೇಹಿತರನ್ನು ನೋಡುತ್ತಾನೆ. ನನ್ನ ಸಾಮಾನಿಗೆ ಇವರು ಶತ್ರು, ಇವರ ಸಾಮಾನಿಗೆ ನಾನು. ಹಾಗಾಗಿ ಎರಡೂ ಒಂದು ಹದ್ದಿನಲ್ಲಿವೆ. ಮಕ್ಕಳ ಸಾಮಾನಿಗೆ ಈ ಮನೆಯಲ್ಲಿ ಶತ್ರುಗಳೇ ಇಲ್ಲ.

ಹಬ್ಬದ ನೆಪದಲ್ಲಾದರೂ ಖಾಲಿ ಮಾಡೋಣ ಎಂದರೆ ಹಬ್ಬವೇ ಅಡ್ಡ ಬರುತ್ತದೆ. ಆಯುಧಪೂಜೆಯ ಮುನ್ನಾದಿನ ಶೆಡ್ಡಿನದೆಲ್ಲ ಹೊರಗೆ ಬರುತ್ತದೆ. ಯೆಜ್ಡಿ ತೊಳೆದು, ಸುಟ್ಟ ಮೋಟಾರು ಒರೆಸಿ, ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡು ಹೂವು, ಬಾಗಿಲಲ್ಲಿ ಬೂದುಗುಂಬಳ. ಬೀದಿಯ ಕಾರಿಗೂ ಅಂದು ಒಂದು ಹಾರ ಸಿಗುತ್ತದೆ. ಪೂಜೆ ಮಾಡಿದ ವಸ್ತುವನ್ನು ಮಾರನೇ ದಿನ ಗುಜರಿಗೆ ಕೊಡಲಾಗುತ್ತದೆಯೇ? ಕುಂಕುಮ ಮಾಸಲಿ ಎಂದು ಕಾಯಬೇಕು. ಮಾಸುವ ಹೊತ್ತಿಗೆ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ನನ್ನ ಹಂಡೆ ಕೆಳಗಿಳಿದು, ಸುಣ್ಣ ಕೆಮ್ಮಣ್ಣು ಬಳಿಸಿಕೊಂಡು, ಹಾಗಲ ಬಳ್ಳಿ ಸುತ್ತಿಕೊಂಡು ಕೂತಿರುತ್ತದೆ. ಆಮೇಲೆ ಅದರ ಬಗ್ಗೆ ಯಾರೂ ಏನೂ ಅನ್ನುವಂತಿಲ್ಲ.

ಗುಜರಿಯವನು ಬರದೇ ಇರುವುದಿಲ್ಲ. "ಹಳೇ ಪೇಪರ್, ಹಳೇ ಕಬ್ಬಿಣ" ಎಂದು ಧ್ವನಿವರ್ಧಕದಲ್ಲಿ ಕೂಗಿಸಿಕೊಂಡು ತಳ್ಳುಗಾಡಿ ಬರುತ್ತದೆ. ಆತನ ಕಣ್ಣು ಮೊದಲು ಯೆಜ್ಡಿಯ ಮೇಲೆ ಬೀಳುತ್ತದೆ, ನಮ್ಮವರು ಅಡ್ಡ ನಿಲ್ಲುತ್ತಾರೆ. ತಾಮ್ರ ಇದೆಯಾ ಅಮ್ಮ ಎಂದರೆ ನಾನು ಇಲ್ಲ ಅನ್ನುತ್ತೇನೆ. ಕೊನೆಗೆ ಪೇಪರು ತೂಗಿ, ತಕ್ಕಡಿಯ ಬಗ್ಗೆ ಒಂದು ಸುತ್ತು ಚೌಕಾಸಿ ನಡೆದು, ಆತ ಹೋಗುತ್ತಾನೆ.

ಮೊನ್ನೆ ಇವರು ಶಿವಮೊಗ್ಗಕ್ಕೆ ಮದುವೆಗೆ ಹೊರಟರು. ನನಗೆ ಮಂಡಿ ನೋವು, ಹೋಗಲಿಲ್ಲ. ಬಸ್ಸು ಹತ್ತುವ ಮುಂಚೆ ಶೆಡ್ಡಿಗೆ ಬೀಗ ಹಾಕಿ, ಕೀಯನ್ನು ಜೇಬಿಗೆ ಹಾಕಿಕೊಂಡರು. ನಂಬಿಕೆ ಇಲ್ಲವಾ ಅಂತ ಕೇಳಿದೆ. "ನಂಬಿಕೆ ಇದೆ, ಆದರೂ" ಅಂದರು. ಹೋಗಲಿ, ನನ್ನ ಬೈಂಡುಗಳನ್ನಾದರೂ ಇಳಿಸಿ ಓದೋಣವೆಂದು ಮೇಲೆ ನೋಡಿದೆ. ಅಟ್ಟ ಹತ್ತುವ ಏಣಿ ಇರುವುದು ಶೆಡ್ಡಿನಲ್ಲಿ.