ಅಜ್ಜಿಯ ಸತ್ಯವೇದ

ನಮ್ಮ ಅಜ್ಜಿ 96 ವರ್ಷ ತುಂಬು ಬಾಳು ಬಾಳಿ ಕಳೆದ ವರ್ಷ ಪ್ರಭುವಿನ ಸನ್ನಿಧಿ ಸೇರಿದರು. ಮದುವೆಯಾಗಿ ಮಂಗಳೂರಿನಿಂದ ಮುಂಬಯಿಗೆ ಬಂದಾಗ ಅವರ ಟ್ರಂಕಿನಲ್ಲಿ ಎರಡೇ ಪುಸ್ತಕಗಳಿದ್ದುವಂತೆ: ಕನ್ನಡ ಸತ್ಯವೇದ ಮತ್ತು ಸಂಗೀತದ ಪುಸ್ತಕ. 1894ರಲ್ಲಿ ಕಿಟ್ಟೆಲರ ನಿಘಂಟನ್ನು ಹೊರತಂದ ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ ತಮ್ಮ ಅಜ್ಜ ಅಚ್ಚುಮೊಳೆ ಜೋಡಿಸುತ್ತಿದ್ದರೆಂಬುದು ಅವರ ಹೆಮ್ಮೆ.

ಸಂಜೆ ಏಳಕ್ಕೆ ಚಾಳಿನ ಒಂದೇ ಕೋಣೆಯಲ್ಲಿ ಕುಟುಂಬ ಪ್ರಾರ್ಥನೆ. ನಾವು ಮೊಮ್ಮಕ್ಕಳು ಸರದಿಯಂತೆ ಒಂದೊಂದು ವಚನ ಓದಲೇಬೇಕು. ಮರಾಠಿ ಶಾಲೆಯ ನಮಗೆ ಒತ್ತಕ್ಷರವೆಂದರೆ ಭಯ, ಗೊಣಗುತ್ತಿದ್ದೆವು. ತಪ್ಪಿದರೆ ಅಜ್ಜಿ ಗದರುತ್ತಿರಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು, “ಇನ್ನೊಮ್ಮೆ ಓದು ಮಗಾ” ಎನ್ನುತ್ತಿದ್ದರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ನೆರೆಯವರಿಗಾಗಿ ಒಬ್ಬೊಬ್ಬರ ಹೆಸರೆತ್ತಿ ಬೇಡುತ್ತಿದ್ದರು. ‘ಆಮೆನ್’ ಎಂದಾದ ಮೇಲೆ ನಮ್ಮ ಡಬ್ಬದ ಅಕ್ಕಿ ಅವರ ಮನೆಗೆ ಹೋಗುತ್ತಿತ್ತು.

ಕಡೆಯ ವರ್ಷಗಳಲ್ಲಿ ಅವರ ಕಣ್ಣು ಮಂಜಾಯಿತು. ಆಗ ಓದುವವರು ನಾವು, ಕೇಳುವವರು ಅವರು. ತಪ್ಪಿದಲ್ಲಿ ಬಾಯಿಪಾಠದಿಂದಲೇ ತಿದ್ದುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ರಾತ್ರಿ 23ನೆಯ ಕೀರ್ತನೆ ಓದಿದೆವು. ಎರಡು ಕಡೆ ತಡವರಿಸಿದೆವು. ತಿದ್ದುವ ದನಿ ಬರಲಿಲ್ಲ.

ಈಗ ಆ ಸತ್ಯವೇದ ನಮ್ಮ ಕಪಾಟಿನಲ್ಲಿದೆ. ನಮ್ಮ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬಾರದು. ತಪ್ಪು ಅವರದಲ್ಲ, ನಮ್ಮದು. ಅಜ್ಜಿಗಿದ್ದ ತಾಳ್ಮೆ ನಮಗಿರಲಿಲ್ಲ. ಅವರ ವರ್ಷದ ನೆನಪಿನ ದಿನದಿಂದ ಸಂಜೆ ಏಳಕ್ಕೆ ಮತ್ತೆ ಚಾಪೆ ಹಾಸುತ್ತಿದ್ದೇವೆ. ಸದ್ಯಕ್ಕೆ ದಿನಕ್ಕೊಂದೇ ವಚನ. ಮಕ್ಕಳೂ ಗೊಣಗುತ್ತಾರೆ, ಗೊಣಗಲಿ, ನಾವೂ ಹಾಗೆಯೇ ಕಲಿತವರು.