ಪಂಚಮಿ ಉಂಡಿ ಮತ್ತು ಪೌಲನ ಪತ್ರ

ಪಂಚಮಿಗೆ ಕುಂದಗೋಳಕ್ಕೆ ಹೋಗಿ ಬಂದು ಎರಡು ವಾರ ಆಯಿತು. ಬರೆಯಲೋ ಬೇಡವೋ ಎಂದು ಒದ್ದಾಡಿ ಕೊನೆಗೂ ಕೂತಿದ್ದೇನೆ. ಮನೆಯ ವಿಷಯ ನೋಡಿ, ಅದಕ್ಕೆ.

ಕುಂದಗೋಳ ಅಂದಕೂಡಲೇ ಎಲ್ಲರೂ ಸವಾಯಿ ಗಂಧರ್ವರ ಹೆಸರು ತೆಗೆಯುತ್ತಾರೆ, ನಾಡಗೇರ ವಾಡೆಯ ಬಗ್ಗೆ ಕೇಳುತ್ತಾರೆ. ನನಗೆ ಮಾತ್ರ ಕುಂದಗೋಳ ಅಂದರೆ ದೊಡ್ಡವ್ವನ ಅಡುಗೆಮನೆ. ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಜೋಳದ ಅಳ್ಳು. ನಾಗಪ್ಪನಿಗೆ ಹಾಲೆರೆದು ಎಡೆ ತೋರಿಸುವ ತನಕ ಎಲ್ಲವೂ ಮೀಸಲು. ಸಣ್ಣವರಿದ್ದಾಗ ಮೊದಲೇ ಡಬ್ಬಿಗೆ ಕೈ ಹಾಕಿ ಏಟು ತಿಂದ ಲೆಕ್ಕ ಇಟ್ಟಿಲ್ಲ.

ದೊಡ್ಡವ್ವನ ಮಗ, ಅಂದರೆ ನನ್ನ ಅಣ್ಣ, ಕೆಲವು ವರ್ಷಗಳಿಂದ ಆ ಉಂಡಿ ಮುಟ್ಟುತ್ತಿಲ್ಲ.

ಅಣ್ಣ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ, ದಿನಾ ಹೋಗಿ ಬರುತ್ತಾನೆ. ಹಿಂದೆ ಅವನ ಕುಡಿತ ಹೇಳಬಾರದಷ್ಟಿತ್ತು. ಸ್ಟೇಷನ್ನಿನಲ್ಲಿ ಬಿದ್ದವನನ್ನು ಎತ್ತಿಕೊಂಡು ಬರಲು ನಾನೇ ಎರಡು ಸಲ ಹೋಗಿದ್ದೆ. ಲಾಕ್‌ಡೌನ್ ಮುಗಿದ ಮೇಲೆ ಜೊತೆಗೆ ಕೆಲಸ ಮಾಡುವವನೊಬ್ಬ ಅವನನ್ನು ಒಂದು ಪ್ರಾರ್ಥನೆಗೆ ಕರೆದುಕೊಂಡು ಹೋದ. ಆರು ತಿಂಗಳಲ್ಲಿ ಕುಡಿತ ನಿಂತಿತು. ಅದರ ಜೊತೆಗೆ ವಿಭೂತಿ ನಿಂತಿತು, ಜಾತ್ರೆ ನಿಂತಿತು, ದೇವರಿಗೆ ತೋರಿಸಿದ ಯಾವ ಪದಾರ್ಥವೂ ಬಾಯಿಗೆ ಹೋಗುವುದು ನಿಂತಿತು.

ಅವನ ಹೆಂಡತಿಗೆ ಇದರಲ್ಲಿ ಗೊಂದಲವೇ ಇಲ್ಲ. "ಯಾವ ದೇವ್ರಿಂದ ಆದ್ರೇನ್ರಿ, ಪಗಾರ ಮನಿಗೆ ಬರಾಕತ್ತೈತಿ" ಅಂದಳು ಒಮ್ಮೆ. ಅವಳು ಪ್ರಾರ್ಥನೆಗೂ ಹೋಗುವುದಿಲ್ಲ, ಶಂಭುಲಿಂಗನ ಗುಡಿಯನ್ನೂ ಬಿಟ್ಟಿಲ್ಲ.

ಗೊಂದಲ ಇರುವುದು ದೊಡ್ಡವ್ವನಿಗೆ. ಇನ್ನೊಂದು ಕಡೆ ಮಾಸ್ತರ ಕಾಕಾನಿಗೆ.

ಕಾಕಾ ಅಂದರೆ ದೊಡ್ಡವ್ವನ ಮೈದುನ. ಸಾಲಿ ಮಾಸ್ತರಿಕೆಯಿಂದ ನಿವೃತ್ತ. ಪಕ್ಕಾ ನಾಸ್ತಿಕ. ಡಾ. ಎಚ್. ನರಸಿಂಹಯ್ಯನವರ ಭಕ್ತ (ಈ ಪದ ಕೇಳಿದರೆ ನನ್ನನ್ನು ಹೊಡೆಯುತ್ತಾನೆ), ಎ.ಎನ್. ಮೂರ್ತಿರಾಯರ 'ದೇವರು' ಪುಸ್ತಕದ ಹಾಳೆಗಳು ಅವನ ಕೈಯಲ್ಲಿ ಹರಿದಿವೆ. ಪಂಚಮಿಗೆ ಹಾವು ಹಾಲು ಕುಡಿಯುವುದಿಲ್ಲ ಎಂದು ನಲವತ್ತು ವರ್ಷ ದೊಡ್ಡವ್ವನಿಗೆ ಹೇಳಿದ್ದಾನೆ. ಕಲ್ಲ ನಾಗರದ ಬಗ್ಗೆ ಬಸವಣ್ಣನೇ ಹೇಳಿದ್ದು ನಿನಗೆ ಗೊತ್ತಿಲ್ಲವೇ ಎಂದೂ ಕೇಳಿದ್ದಾನೆ. ದೊಡ್ಡವ್ವ ನಲವತ್ತು ವರ್ಷ ಅವನಿಗೆ ಮೊದಲ ಉಂಡಿ ಕೊಟ್ಟು ಬಾಯಿ ಮುಚ್ಚಿಸಿದ್ದಾಳೆ :)

ಅಣ್ಣ ಯೇಸುವಿನ ಕಡೆ ಹೋದ ಮೇಲೆ ಕಾಕಾ ಹೊಸ ಹುರುಪಿನಿಂದ ವಾದಕ್ಕೆ ಇಳಿದ. ಒಂದು ಭಾನುವಾರದ ವಾದ ನಾನೇ ಕೂತು ಕೇಳಿದೆ. ಕಾಕಾ 2012ರ ಮುಂಬಯಿ ಪ್ರಕರಣ ತೆಗೆದ. ಅಲ್ಲಿನ ಇರ್ಲಾದ ಚರ್ಚಿನಲ್ಲಿ ಶಿಲುಬೆಯ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕುತ್ತಿತ್ತು. ಜನ ತೀರ್ಥ ಎಂದು ಹಿಡಿದರು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿ, ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಗೋಡೆ ಹೀರಿಕೊಂಡು ಮೇಲೇರಿ ಬರುತ್ತಿದೆ ಎಂದರು. ದೀಪದ ಬತ್ತಿ ಎಣ್ಣೆ ಎಳೆಯುವುದಿಲ್ಲವೇ, ಹಾಗೆ. ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಅವರ ಮೇಲೆಯೇ ಪೊಲೀಸ್ ದೂರಾಯಿತು, ಅವರು ಫಿನ್ಲೆಂಡಿಗೆ ಹೋಗಬೇಕಾಯಿತು.

ಅಣ್ಣ ಪೂರ್ತಿ ಕೇಳಿ ಅಂದ: "ಖರೆ ಇರಬಹುದು ಕಾಕಾ. ಆ ನೀರು ಗಟಾರದ್ದು ಅಂತಾದ್ರ ನಾ ಕುಡಿಯೂದು ಬಿಟ್ಟಿದ್ದು ಸುಳ್ಳಾಗ್ತೈತೇನು?"

"ಅದು ಗುಂಪಿನ ಬಲಾನೋ ತಮ್ಮಾ. ಅಮೆರಿಕಾದಾಗ 1935ರಾಗ ಕುಡುಕ್ರೇ ಸೇರಿ ಒಂದು ಸಂಘ ಮಾಡಿದ್ರು, ಇವತ್ತು ಜಗತ್ತಿನ ತುಂಬ ಐತಿ. ಅಲ್ಲಿ ದೇವ್ರು ಅಂದ್ರ ನಿನಗ ಹೆಂಗ ತಿಳೀತೈತೋ ಹಂಗ. ಯೇಸುನೇ ಬೇಕಂತ ಇಲ್ಲ."

"ಹತ್ತು ವರ್ಷ ನನಗ ವಿಜ್ಞಾನ ಹೇಳಿದ್ರಿ. ಒಂದು ಗುಂಪು ಮಾಡಿ ಕೊಡಲಿಲ್ಲಲ್ರಿ."

ಕಾಕಾ ಅವತ್ತು ಅರ್ಧ ಚಹಾ ಬಿಟ್ಟು ಎದ್ದು ಹೋದ. ವಾದದಲ್ಲಿ ಅವನು ಹಾಗೆ ಎದ್ದಿದ್ದು ನಾನು ನೋಡಿದ್ದು ಅದೇ ಮೊದಲು. ಆದರೆ ಮರುದಿನ ಮತ್ತೆ ಬಂದ, ಈ ಸಲ ಕೈಯಲ್ಲಿ ಕನ್ನಡ ಬೈಬಲ್ ಹಿಡಿದುಕೊಂಡು. "ಓದದ ಬೈಯೂದು ತಪ್ಪು" ಅಂದನಂತೆ.

ಊರಿನ ಉಳಿದವರ ವಾದ ಬೇರೆ. ಚಹಾದಂಗಡಿಯಲ್ಲಿ ಅಣ್ಣನನ್ನು ಕೇಳುವುದು ಎರಡೇ ಪ್ರಶ್ನೆ: ಎಷ್ಟು ರೊಕ್ಕ ಕೊಟ್ಟಾರ? ಜಾತಿ ಬಿಟ್ಟೇನು? ಹಾಗೆ ಕೇಳುವ ಹುಡುಗರು ತಾಯತ ಕಟ್ಟಿಕೊಂಡವರು. ಪವಾಡದ ಬಗ್ಗೆ ಅವರಿಗೆ ತಕರಾರಿಲ್ಲ, ಅದು ಯಾರ ಪವಾಡ ಎಂಬುದರ ಬಗ್ಗೆ ಇದೆ. ಇನ್ನು ಕೆಲವರು ದೊಡ್ಡ ಮನಸ್ಸು ಮಾಡಿ ಶರೀಫಜ್ಜನನ್ನು ತರುತ್ತಾರೆ. ನಮ್ಮ ತಾಲೂಕಿನ ಕಳಸದ ಗೋವಿಂದ ಭಟ್ಟರು ಶಿಶುನಾಳದ ಸಾಬರ ಹುಡುಗನನ್ನು ಶಿಷ್ಯನಾಗಿ ತೆಗೆದುಕೊಳ್ಳಲಿಲ್ಲವೇ, ನಮ್ಮಲ್ಲಿ ಭೇದ ಎಲ್ಲಿದೆ ಎಂದು. ಅಣ್ಣ ನನಗೊಮ್ಮೆ ಹೇಳಿದ: "ಅವ್ರಿಬ್ರೂ ಬದುಕಿದ್ದಾಗ ಊರವ್ರು ಏನಂದ್ರು ಅನ್ನೂದನ್ನೂ ಹೇಳ್ರಿ ಅನ್ನು."

2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ಮೇಲೆ, ಅಕ್ಟೋಬರಿನಲ್ಲಿ ವಿಜಯ ಕರ್ನಾಟಕದಲ್ಲಿ ಎಸ್.ಎಲ್. ಭೈರಪ್ಪನವರ ಮತಾಂತರದ ಲೇಖನ ಬಂತು. ವಾರಗಟ್ಟಲೆ ಚರ್ಚೆ ನಡೆಯಿತು, ನೆನಪಿರಬಹುದು. ಕಾಕಾ ಅದರ ಕತ್ತರಿಗಳನ್ನು ಒಂದು ಚೀಲದಲ್ಲಿ ಇಟ್ಟಿದ್ದಾನೆ. ಈ ಸಲ ಅದನ್ನು ಸುರುವಿ ತೋರಿಸಿದ. "ನೋಡು, ಇಷ್ಟರಾಗ ಮಿಷನರಿ ಐತಿ, ರೊಕ್ಕ ಐತಿ, ವಸಾಹತು ಐತಿ, ಸಂವಿಧಾನ ಐತಿ. ಸತ್ತಾಂವ ಮೂರನೇ ದಿನಕ್ಕ ಎದ್ದು ಬಂದಿದ್ದು ಖರೆನೋ ಸುಳ್ಳೋ ಅಂತ ಕೇಳಿದಾಂವ ಒಬ್ಬ ಸಿಗಲಿಲ್ಲ ನನಗ."

ಅವನ ಮಾತು ನನಗೆ ಹಿಡಿಸಿತು. ನಂಬಿಕೆಯ ಬಗ್ಗೆ ಜಗಳವಾಡುತ್ತೇವೆ, ನಂಬಿದ್ದೇನು ಎಂದು ಕೇಳುವುದೇ ಇಲ್ಲ. ಕಾನೂನಿಗೂ ಅದು ಬೇಕಿಲ್ಲ. 2022ರ ಕರ್ನಾಟಕದ ಮತಾಂತರ ಕಾಯಿದೆಯಲ್ಲಿ ಮತ ಬದಲಿಸುವವನು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕೆಂದಿತ್ತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಅಣ್ಣ ಇನ್ನೂ ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ಯಾಕೆ ಎಂದು ನಾನು ಕೇಳಿಲ್ಲ. 2021ರ ಅಕ್ಟೋಬರಿನಲ್ಲಿ ಹುಬ್ಬಳ್ಳಿಯ ಭೈರಿದೇವರಕೊಪ್ಪದ ಚರ್ಚಿನೊಳಗೆ ಕೂತು ಪ್ರತಿಭಟನೆಯವರು ಭಜನೆ ಮಾಡಿದ ಸುದ್ದಿ ಟಿವಿಯಲ್ಲಿ ಬಂದಾಗ ದೊಡ್ಡವ್ವ ಮಗನಿಗೆ ಫೋನಿನ ಮೇಲೆ ಫೋನ್ ಮಾಡಿದ್ದಳು. ಅವನು ಆ ಚರ್ಚಿಗೆ ಹೋಗುವವನೇ ಅಲ್ಲ. ತಾಯಿಗೆ ಅದೆಲ್ಲ ಏನು ಗೊತ್ತು.

ಕಾಕಾನ ಕಪಾಟಿನಲ್ಲಿ ಸರ್ವಜ್ಞನ ವಚನಗಳ ಹಳೆಯ ಪ್ರತಿ ಇದೆ, ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಂಪಾದಿಸಿದ್ದು. ಮೊದಲು ಬಂದದ್ದು 1924ರಲ್ಲಿ. ಉತ್ತಂಗಿಯವರು (1881–1962) ನಮ್ಮ ಧಾರವಾಡದವರೇ, ಬಾಸೆಲ್ ಮಿಷನ್ನಿನ ಪಾದ್ರಿ. ಆ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿತ್ತು. ಊರೂರು ತಿರುಗಿ ಸರ್ವಜ್ಞನನ್ನು ಕೂಡಿಸಿದ ಪಾದ್ರಿಯನ್ನು 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಿದರು. ಅನುಭವ ಮಂಟಪ ಎಂಬುದು ನಿಜವಾಗಿ ಇತ್ತೇ ಎಂಬ ಸಂಶಯ ಎದ್ದಾಗ ಇತ್ತು ಎಂದು ಸಾಧಿಸಲು ಪುಸ್ತಕವನ್ನೇ ಬರೆದವರೂ ಇವರೇ. ಕಾಕಾನಿಗೆ ಇದು ಬಲು ಇಷ್ಟ. "ಲಿಂಗಾಯತ ನಾನು ಸಂಶಯ ಪಡಾವ, ಕ್ರಿಶ್ಚನ್ ಪಾದ್ರಿ ನಂಬಾವ!"

ಎಲ್ಲರೂ ಉತ್ತಂಗಿಯವರ ಹಾಗೆ ಒಬ್ಬರನ್ನೊಬ್ಬರು ಓದಿದರು ಅಂತಲ್ಲ. 1840ರ ಸುಮಾರಿಗೆ ಲಿಂಗಾಯತರಲ್ಲಿ ಕಾಲಜ್ಞಾನ ನಂಬುವ ಒಂದು ಪಂಗಡ ಹುಬ್ಬಳ್ಳಿಯ ಪಾದ್ರಿಗಳ ಬಳಿ ಬಂದಿತ್ತು. ತಮ್ಮ ಗ್ರಂಥದ ಭವಿಷ್ಯ ನಿಜವಾಯಿತು ಎಂದು ಅವರು, ತಮ್ಮ ಸುವಾರ್ತೆ ಫಲಿಸಿತು ಎಂದು ಇವರು. ಹರ್ಮನ್ ಮೋಗ್ಲಿಂಗ್ 1841ರಲ್ಲಿ ಬೆಟಗೇರಿ ಹತ್ತಿರ ಮಲಸಮುದ್ರದಲ್ಲಿ ಅವರಿಗಾಗಿ ಒಕ್ಕಲುತನದ ವಸತಿಯನ್ನೇ ಎಬ್ಬಿಸಿದ. ಕಾಯ್ದಷ್ಟು ಜನ ಬರಲೇ ಇಲ್ಲ.

ಸರಿ, ಪಂಚಮಿಗೆ ಬರುತ್ತೇನೆ.

ಹಾಲೆರೆದು ಬಂದ ದೊಡ್ಡವ್ವ ಎಲ್ಲರಿಗೂ ಉಂಡಿ ಕೊಟ್ಟಳು. ಅಣ್ಣನ ಮುಂದೆಯೂ ತಟ್ಟೆ ಇಟ್ಟಳು. ಅವನು ಮೆಲ್ಲಗೆ ಸರಿಸಿದ. ಪ್ರತಿ ವರ್ಷ ಹೀಗೇ, ದೊಡ್ಡವ್ವ ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡುತ್ತಾಳೆ. ಈ ಸಲ ಕಾಕಾ ಬಾಯಿ ಹಾಕಿದ.

"ಕೊರಿಂಥದವ್ರಿಗೆ ಬರೆದ ಮೊದಲನೇ ಪತ್ರ, ಎಂಟನೇ ಅಧ್ಯಾಯ ಓದಿಯೇನು? ವಿಗ್ರಹ ಅನ್ನೂದೇನೂ ಅಲ್ಲ, ತಿಂದ್ರ ಲಾಭಿಲ್ಲ, ಬಿಟ್ರ ಲುಕ್ಸಾನಿಲ್ಲ ಅಂತ ನಿಮ್ಮ ಪೌಲನ ಹೇಳ್ಯಾನ. ಹಂಗಿದ್ರ ಅವ್ವನ ಉಂಡಿ ಏನ್ ಮಾಡೈತಿ?"

ನಾಸ್ತಿಕನ ಬಾಯಲ್ಲಿ ಪೌಲ! ನನಗೆ ನಗು ತಡೆಯಲಾಗಲಿಲ್ಲ. ಅಣ್ಣ ನಗಲಿಲ್ಲ.

"ಹತ್ತನೇ ಅಧ್ಯಾಯನೂ ಓದ್ರಿ ಕಾಕಾ. ಮುಂದಿಟ್ಟಿದ್ದನ್ನ ಏನೂ ಕೇಳದ ತಿನ್ನು ಅಂತೈತಿ, ಖರೆ. ಆದ್ರ ಇದು ಎಡಿ ಮಾಡಿದ್ದು ಅಂತ ಯಾರರ ಹೇಳಿದ್ರ ತಿನ್ನಬ್ಯಾಡ ಅಂತೈತಿ. ಅವ್ವ ಹೇಳೇ ಕೊಡ್ತಾಳಲ್ಲ."

ಕಾಕಾ ಪುಸ್ತಕ ತರಿಸಿ ನೋಡಿದ. ಇತ್ತು. ಕನ್ನಡಕ ತೆಗೆದು ಒರೆಸಿದ. ಆಮೇಲೆ ಇಬ್ಬರೂ ಅದೇ ಪತ್ರದ ಹದಿನೈದನೇ ಅಧ್ಯಾಯಕ್ಕೆ ಹೋದರು. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎಂಬರ್ಥದ ಮಾತು ಅಲ್ಲಿದೆ. ಹೀಗೆ ಎಲ್ಲವನ್ನೂ ಒಂದೇ ಪಣಕ್ಕೆ ಇಟ್ಟವನ ಜೊತೆ ವಾದ ಮಾಡಬಹುದು ಅಂದ ಕಾಕಾ. "ನೀ ನಂಬ್ತಿ ಏನು, ಖರೆ ಹೇಳು?" "ನಂಬ್ತೇನ್ರಿ." "ನಾ ನಂಬಂಗಿಲ್ಲ." "ಗೊತ್ತೈತ್ರಿ." ಇಷ್ಟು ಸಮಾಧಾನದ ಜಗಳ ನಮ್ಮ ಮನೆಯಲ್ಲಿ ಆಗಿದ್ದೇ ಇಲ್ಲ.

ದೊಡ್ಡವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಎಷ್ಟು ತಿಳಿಯಿತೋ. ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಸಣ್ಣ ಸ್ಟೀಲ್ ಡಬ್ಬಿ ತಂದು ಅಣ್ಣನ ಮುಂದಿಟ್ಟಳು. ಒಳಗೆ ಐದು ಶೇಂಗಾ ಉಂಡಿ.

"ಇವು ಮುಂಜಾನೇನ ತೆಗೆದಿಟ್ಟಿದ್ನಿ" ಅಂದಳು.

ಮೀಸಲು ಮುರಿಯದ ಹೆಂಗಸು ಅವಳು. ನಾಗಪ್ಪನಿಗಿಂತ ಮೊದಲು ಮಗನಿಗೆ ತೆಗೆದಿಟ್ಟಳೋ, ಅಥವಾ ಅದೇ ಡಬ್ಬಿಯಿಂದ ಈಗ ತೆಗೆದು ಹಾಗೆ ಹೇಳಿದಳೋ... ಎರಡರಲ್ಲಿ ಯಾವುದಾದರೂ ಅವಳಿಗೆ ಸಣ್ಣ ಮಾತಲ್ಲ. ಅಣ್ಣ ಅವಳ ಮುಖ ನೋಡಿದ. ಕಾಕಾ ಏನೋ ಕೇಳಲು ಬಾಯಿ ತೆರೆದ.

"ಮಾಸ್ತರ, ನೀವು ಸುಮ್ಕ ಕುಂದ್ರಿ" ಅಂದಳು ದೊಡ್ಡವ್ವ.

ಅಣ್ಣ ಏನೂ ಕೇಳದೆ ಒಂದು ತೆಗೆದುಕೊಂಡ.